ನೋವಿನ ಬೀಗವನ್ನು ಹುಡುಕಿದವರು

ಗಸಗಸೆ ಪಾಯಸ ಉಂಡ ಮಧ್ಯಾಹ್ನ ಕಣ್ಣೆವೆ ತಾನಾಗಿಯೇ ಜೋತುಬೀಳುತ್ತದೆ ಎಂಬುದು ನಮ್ಮ ಮನೆಗಳಲ್ಲಿ ಹಳೆಯ ವಿನೋದ. ನಿಜ ಹೇಳುವುದಾದರೆ ಆ ನಿದ್ದೆಯಲ್ಲಿ ಗಸಗಸೆಗಿಂತ ಬೆಲ್ಲ, ತೆಂಗಿನಕಾಯಿ ಮತ್ತು ಹಬ್ಬದೂಟದ ಪಾಲೇ ಹೆಚ್ಚು. ಬೀಜದಲ್ಲಿರುವ ಸತ್ವ ಅತ್ಯಲ್ಪ. ಆದರೆ ಅದೇ ಗಿಡದ ಹಸಿರು ಕಾಯಿಯನ್ನು ಗೀರಿ ಬಿಟ್ಟರೆ, ಮರುದಿನ ಬೆಳಗಿನ ಹೊತ್ತಿಗೆ ಗೀರಿನ ಬಾಯಲ್ಲಿ ಹಾಲು ಒಸರಿ, ಕಂದುಬಣ್ಣಕ್ಕೆ ತಿರುಗಿ, ಅಂಟಾಗಿ ನಿಂತಿರುತ್ತದೆ. ಅದೇ ಅಫೀಮು. ಸಾವಿರಾರು ವರ್ಷಗಳಿಂದ ಮನುಷ್ಯ ನೋವನ್ನು ಮರೆಯಲು ಬಳಸಿದ್ದೂ ಅದನ್ನೇ, ತನ್ನನ್ನು ತಾನೇ ಮರೆತು ಹಾಳಾದದ್ದೂ ಅದರಿಂದಲೇ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹೊಲದಲ್ಲಿ ನಿಂತಿರುವ ಗಿಡಕ್ಕೆ ನಮ್ಮ ಪರಿಚಯವಿಲ್ಲ. ನಮ್ಮ ನರಗಳ ರಚನೆ ಅದಕ್ಕೆ ತಿಳಿದಿಲ್ಲ. ಹೀಗಿರುವಾಗ ಅದರ ಹಾಲಿನ ಒಂದು ಕಣ ನಮ್ಮ ಮಿದುಳನ್ನು ಹೊಕ್ಕು, ಬೀಗದೊಳಗೆ ಬೀಗದಕೈ ತಿರುಗಿದಂತೆ ತಿರುಗಿ, ನೋವಿನ ಬಾಯಿ ಮುಚ್ಚಿಸುವುದು ಹೇಗೆ? ಗಿಡದ ಬೀಗದಕೈಗೆ ಹೊಂದುವ ಬೀಗ ನಮ್ಮ ತಲೆಯಲ್ಲಿ ಏಕಿರಬೇಕು? ಈ ಪ್ರಶ್ನೆಯನ್ನು ಹಿಡಿದು ಎಪ್ಪತ್ತನೆಯ ವಯಸ್ಸಿನಲ್ಲಿ ಹೊಸದಾಗಿ ಕೆಲಸಕ್ಕೆ ಕುಳಿತ ಒಬ್ಬ ವಿದ್ವಾಂಸನ ಕಥೆಯನ್ನು ಇಂದು ಹೇಳಬೇಕೆಂದಿದ್ದೇನೆ. ನಾನು ವೈದ್ಯನಲ್ಲ, ಇತಿಹಾಸವನ್ನು ಓದಿಕೊಂಡವನು. ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಯುದ್ಧಗಳ ಲೆಕ್ಕ ಸಿಗುತ್ತದೆ. ಯುದ್ಧದಲ್ಲಿ ಗಾಯಗೊಂಡವನ ರಾತ್ರಿಯ ಲೆಕ್ಕ ಸಿಗುವುದಿಲ್ಲ. ನೋವಿಗೂ ಒಂದು ಇತಿಹಾಸವಿದೆ ಎಂಬ ಕುತೂಹಲವೇ ನನ್ನನ್ನು ಈ ವಿಷಯಕ್ಕೆ ಎಳೆದು ತಂದಿತು.

ಕಥೆ ಆರಂಭವಾಗುವುದು ಜರ್ಮನಿಯ ಒಂದು ಔಷಧದ ಅಂಗಡಿಯಲ್ಲಿ. 1805ರ ಸುಮಾರಿಗೆ ಫ್ರೀಡ್ರಿಶ್ ಸೆರ್ಟ್ಯೂರ್ನರ್ ಎಂಬ ಯುವಕ ಅಫೀಮಿನಿಂದ ಅದರ ಸಾರವನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದನು. ಗ್ರೀಕರ ಸ್ವಪ್ನದೇವತೆ ಮಾರ್ಫಿಯಸ್‌ನನ್ನು ನೆನೆದು ಇಟ್ಟ ಹೆಸರು ಮುಂದೆ ಮಾರ್ಫೀನ್ ಎಂದು ನಿಂತಿತು. ಗಿಡವೊಂದರಿಂದ ಅದರ ಕ್ರಿಯಾಶಕ್ತಿಯನ್ನು ಹೀಗೆ ಶುದ್ಧವಾಗಿ ಹೊರತೆಗೆದದ್ದು ಔಷಧಶಾಸ್ತ್ರದಲ್ಲಿ ಹೊಸ ಯುಗದ ಬಾಗಿಲು ತೆರೆದಂತಾಯಿತು. 1850ರ ದಶಕದಲ್ಲಿ ಚುಚ್ಚುಮದ್ದಿನ ಸೂಜಿ ಬಂದಿತು. ಬಾಯಿಯ ಮೂಲಕ ಹೋಗದೆ ನೇರವಾಗಿ ಚರ್ಮದಡಿಗೆ ಹೋಗುವ ಮಾರ್ಫೀನ್ ಚಟ ಹಿಡಿಸಲಾರದು ಎಂದು ಆಗಿನ ಕೆಲವು ವೈದ್ಯರು ನಂಬಿದ್ದರು. ನಂಬಿಕೆ ಸುಳ್ಳಾಯಿತು. 1898ರಲ್ಲಿ ಬೇಯರ್ ಕಂಪನಿ ಮಾರ್ಫೀನನ್ನು ರಸಾಯನದಿಂದ ಮಾರ್ಪಡಿಸಿದ ಹೊಸ ಔಷಧವೊಂದನ್ನು ಕೆಮ್ಮಿನ ಮದ್ದಾಗಿ ಮಾರುಕಟ್ಟೆಗೆ ತಂದಿತು. ಇದರಲ್ಲಿ ಮಾರ್ಫೀನಿನ ಗುಣವಿದೆ, ಚಟದ ದೋಷವಿಲ್ಲ ಎಂಬ ಭರವಸೆ ಅದರ ಜೊತೆಗೆ ಬಂದಿತು. ಆ ಮದ್ದಿನ ಹೆಸರು ಹೆರಾಯಿನ್.

ಹೀಗೆ ಮಾರ್ಫೀನಿನ ಇತಿಹಾಸವೆಂದರೆ ಒಂದೇ ಆಸೆ ಮತ್ತೆ ಮತ್ತೆ ಹುಟ್ಟಿ ಮತ್ತೆ ಮತ್ತೆ ಬಿದ್ದ ಇತಿಹಾಸ. ನೋವು ಹೋಗಬೇಕು, ಚಟ ಬರಬಾರದು. ಗುಲಾಬಿ ಬೇಕು, ಮುಳ್ಳು ಬೇಡ. ಇದು ಸಾಧ್ಯವೇ ಎಂದು ತಿಳಿಯಬೇಕಾದರೆ ಮೊದಲು ಮದ್ದು ದೇಹದಲ್ಲಿ ಎಲ್ಲಿ ಹೋಗಿ ತಗಲುತ್ತದೆ ಎಂಬುದು ತಿಳಿಯಬೇಕಿತ್ತು. ಆ ತಿಳಿವಳಿಕೆಗೆ ದಾರಿ ತೋರಿದ್ದು, ವಿಚಿತ್ರವೆಂದರೆ, ಅಫೀಮಲ್ಲ, ಹೊಗೆಸೊಪ್ಪು.

ಹೊಗೆಸೊಪ್ಪಿನ ಸಾರವಾದ ನಿಕೋಟಿನ್ ಶುದ್ಧರೂಪದಲ್ಲಿ ದೊರೆತದ್ದು 1828ರಲ್ಲಿ, ಹೈಡೆಲ್‌ಬರ್ಗಿನಲ್ಲಿ. ಅದು ಉಗ್ರ ವಿಷ. ಕೇಂಬ್ರಿಜ್‌ನ ಶರೀರಶಾಸ್ತ್ರಜ್ಞ ಜಾನ್ ಲ್ಯಾಂಗ್ಲಿ 1889ರಿಂದ ಅದನ್ನು ಒಂದು ಸಲಕರಣೆಯಂತೆ ಬಳಸಿದನು. ನರಗಳು ಗಂಟುಗೂಡುವ ಜಾಗಗಳಿಗೆ ನಿಕೋಟಿನ್ ಸವರಿದರೆ ಅಲ್ಲಿ ಸುದ್ದಿಯ ಸಾಗಾಟ ನಿಂತುಹೋಗುತ್ತದೆ. ಹೀಗೆ ಯಾವ ನರ ಎಲ್ಲಿ ಗಂಟು ಹಾಕಿಕೊಂಡಿದೆ ಎಂಬ ನಕ್ಷೆಯನ್ನೇ ಅವನು ಬರೆದನು. ಮುಂದೆ ಕೋಳಿಗಳ ಮೇಲೆ ಪ್ರಯೋಗ ನಡೆಸಿದನು. ನಿಕೋಟಿನ್ ಚುಚ್ಚಿದರೆ ಕೋಳಿಯ ಕಾಲಿನ ಸ್ನಾಯು ಸೆಟೆದುಕೊಳ್ಳುತ್ತದೆ. ಕುರಾರೆ ಎಂಬ ಇನ್ನೊಂದು ವಿಷ ಕೊಟ್ಟರೆ ಸೆಟೆತ ಸಡಿಲುತ್ತದೆ. ಸ್ನಾಯುವಿಗೆ ಹೋಗುವ ನರವನ್ನು ಮೊದಲೇ ಕತ್ತರಿಸಿ, ಅದು ಪೂರ್ತಿ ನಶಿಸಿಹೋದ ಮೇಲೆ ನೋಡಿದರೂ ಇದೇ ಫಲ. ಅಂದಮೇಲೆ ಎರಡು ವಿಷಗಳೂ ನರದ ತುದಿಯಲ್ಲಿ ಜಗಳವಾಡುತ್ತಿಲ್ಲ. ಸ್ನಾಯುವಿನ ಮೇಲೆಯೇ ಅವೆರಡೂ ಕೂರಬಯಸುವ ಒಂದು ಪೀಠವಿದೆ. 1905ರಲ್ಲಿ ಲ್ಯಾಂಗ್ಲಿ ಅದನ್ನು ‘ಗ್ರಹಿಸುವ ವಸ್ತು’ ಎಂಬ ಅರ್ಥದ ಮಾತಿನಿಂದ ಕರೆದನು. ಇಂದು ವೈದ್ಯರು ರಿಸೆಪ್ಟರ್ ಎನ್ನುವುದು ಅದನ್ನೇ. ಮಾತು ಸುಲಭವಾಗಲೆಂದು ನಾನು ಅದನ್ನು ಬೀಗವೆಂದೇ ಕರೆಯುತ್ತೇನೆ.

ನಿಕೋಟಿನ್ನಿನ ಬೀಗ ನಿಕೋಟಿನ್ನಿಗಾಗಿ ಹುಟ್ಟಿದ್ದಲ್ಲ. ಅದರ ನಿಜವಾದ ಒಡೆಯ ದೇಹವೇ ತಯಾರಿಸಿಕೊಳ್ಳುವ ಅಸಿಟೈಲ್‌ಕೋಲಿನ್ ಎಂಬ ವಸ್ತು. ನರವು ಸ್ನಾಯುವಿಗೆ ಸುದ್ದಿ ಮುಟ್ಟಿಸುವುದು ಅದರ ಕೈಯಲ್ಲಿ. ಹೆನ್ರಿ ಡೇಲ್ ಮತ್ತು ಓಟೋ ಲೋವಿ ಈ ಸಂಗತಿಯನ್ನು ಸ್ಥಾಪಿಸಿ 1936ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಹೊಗೆಸೊಪ್ಪು ಮಾಡುವುದು ಇಷ್ಟೇ: ಯಜಮಾನನ ಬೀಗಕ್ಕೆ ಕಳ್ಳಕೈ ಹಾಕುತ್ತದೆ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಬೇಕು. ಏಕೆಂದರೆ ಕಳ್ಳಕೈ ಇರುವ ಕಡೆ ಯಜಮಾನನೂ ಇರಬೇಕು ಎಂಬ ತರ್ಕವೇ ಮುಂದೆ ಅಫೀಮಿನ ರಹಸ್ಯವನ್ನು ಬಯಲು ಮಾಡಿತು.

ಈಗ ನಮ್ಮ ಕಥಾನಾಯಕನ ಪ್ರವೇಶ. ಹಾನ್ಸ್ ಕಾಸ್ಟರ್‌ಲಿಟ್ಸ್ 1903ರಲ್ಲಿ ಬರ್ಲಿನ್ನಿನಲ್ಲಿ ವೈದ್ಯರೊಬ್ಬರ ಮಗನಾಗಿ ಹುಟ್ಟಿದರು. ತಾವೂ ವೈದ್ಯಶಾಸ್ತ್ರ ಓದಿ, ಆ ನಗರದ ಪ್ರಸಿದ್ಧ ಷಾರಿಟೆ ಆಸ್ಪತ್ರೆಯಲ್ಲಿ ಕೆಲಸಕ್ಕೆ ನಿಂತರು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದನು. ಅದೇ ವರ್ಷದ ಏಪ್ರಿಲ್ ತಿಂಗಳಲ್ಲಿ ಯೆಹೂದಿ ಮೂಲದವರನ್ನು ಸರ್ಕಾರಿ ಹುದ್ದೆಗಳಿಂದ ಹೊರದಬ್ಬುವ ಕಾನೂನು ಬಂದಿತು. ಕಾಸ್ಟರ್‌ಲಿಟ್ಸ್ ಯೆಹೂದಿ ಮನೆತನದವರು. 1934ರಲ್ಲಿ ಅವರು ದೇಶ ಬಿಟ್ಟು ಸ್ಕಾಟ್‌ಲೆಂಡಿನ ಉತ್ತರದಲ್ಲಿರುವ ಅಬರ್ಡೀನ್ ಎಂಬ ಕಡಲತೀರದ ಊರಿಗೆ ಬಂದರು. ಇನ್ಸುಲಿನ್ ಸಂಶೋಧನೆಗಾಗಿ ನೊಬೆಲ್ ಪಡೆದಿದ್ದ ಮ್ಯಾಕ್ಲಿಯಡ್ ಅಲ್ಲಿದ್ದರು. ಅವರ ಬಳಿ ಕೆಲಸ ಮಾಡಬೇಕೆಂಬುದು ಈ ಯುವಕನ ಆಸೆ. ಮರುವರ್ಷವೇ ಮ್ಯಾಕ್ಲಿಯಡ್ ತೀರಿಕೊಂಡರು. ಆಶ್ರಯ ಕೊಟ್ಟ ಗುರು ಹೋದರೂ ಶಿಷ್ಯ ಊರು ಬಿಡಲಿಲ್ಲ. ಬೂದುಬಣ್ಣದ ಗ್ರಾನೈಟ್ ಕಲ್ಲಿನ ಆ ಊರಿನಲ್ಲೇ ಮುಂದಿನ ಅರವತ್ತು ವರ್ಷಗಳನ್ನು ಕಳೆದರು. ಅಲ್ಲಿ ಹುಟ್ಟಿದ ಅವರ ಮಗ ಮೈಕೆಲ್ 2016ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದವರಲ್ಲಿ ಒಬ್ಬರು.

ಮೊದಲ ಇಪ್ಪತ್ತು ವರ್ಷ ಕಾಸ್ಟರ್‌ಲಿಟ್ಸ್ ದುಡಿದದ್ದು ಸಕ್ಕರೆ ಮತ್ತು ಯಕೃತ್ತಿನ ಮೇಲೆ. ಆಮೇಲೆ ಅವರ ಗಮನ ಕರುಳಿನ ಕಡೆಗೆ ಹೊರಳಿತು. ಉಂಡ ಅನ್ನವನ್ನು ಕರುಳು ಅಲೆಯಲೆಯಾಗಿ ಮುಂದಕ್ಕೆ ತಳ್ಳುವುದು ಹೇಗೆ ಎಂಬುದು ಪ್ರಶ್ನೆ. ಮಾರ್ಫೀನ್ ಸೋಕಿದರೆ ಈ ಅಲೆ ಸೋತುಹೋಗುತ್ತದೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಭೇದಿ ನಿಲ್ಲಿಸಲು ಅಫೀಮು ಕೊಡುವುದು ಬಹಳ ಹಳೆಯ ವೈದ್ಯ. 1957ರಲ್ಲಿ ವಿಲಿಯಂ ಪೇಟನ್ ಎಂಬ ವಿಜ್ಞಾನಿ ಇದರ ಕಾರಣವನ್ನು ತೋರಿಸಿದರು. ಗಿನಿಪಿಗ್ಗಿನ ಸಣ್ಣ ಕರುಳಿನ ತುಂಡೊಂದನ್ನು ಬೆಚ್ಚನೆಯ ಉಪ್ಪುನೀರಿನಲ್ಲಿ ತೂಗುಬಿಟ್ಟು, ವಿದ್ಯುತ್ತಿನ ಸಣ್ಣ ಪೆಟ್ಟು ಕೊಟ್ಟರೆ ಅದು ಪ್ರತಿ ಪೆಟ್ಟಿಗೂ ಸೆಳೆತುಕೊಳ್ಳುತ್ತದೆ. ಮಾರ್ಫೀನ್ ಬೆರೆಸಿದರೆ ಸೆಳೆತ ಕುಗ್ಗುತ್ತದೆ; ನರದ ತುದಿಯಿಂದ ಹೊರಬೀಳುವ ಅಸಿಟೈಲ್‌ಕೋಲಿನ್ನೇ ಕಡಿಮೆಯಾಗುವುದು ಅದಕ್ಕೆ ಕಾರಣ. ನಿಕೋಟಿನ್ನಿನ ಬೀಗದ ಒಡೆಯನಿಗೂ ಅಫೀಮಿಗೂ ಹೀಗೆ ಕರುಳಿನಲ್ಲಿ ಸಂಬಂಧ ಬೆಳೆಯಿತು.

ಕಾಸ್ಟರ್‌ಲಿಟ್ಸ್ ಈ ಕರುಳಿನ ತುಂಡನ್ನು ಒಂದು ತಕ್ಕಡಿಯನ್ನಾಗಿ ಮಾಡಿಕೊಂಡರು. ಮಾರ್ಫೀನಿನ ಜಾತಿಗೆ ಸೇರಿದ ಹತ್ತಾರು ಮದ್ದುಗಳನ್ನು ಒಂದೊಂದಾಗಿ ಅದರ ಮೇಲೆ ತೂಗಿ ನೋಡಿದರು. ಮನುಷ್ಯನ ನೋವನ್ನು ಬಲವಾಗಿ ಅಡಗಿಸುವ ಮದ್ದು ಕರುಳಿನ ಸೆಳೆತವನ್ನೂ ಬಲವಾಗಿ ಅಡಗಿಸುತ್ತಿತ್ತು. ದುರ್ಬಲವಾದದ್ದು ಇಲ್ಲಿಯೂ ದುರ್ಬಲ. ನಲಾಕ್ಸೋನ್ ಎಂಬ ಪ್ರತಿಮದ್ದು ಹಾಕಿದೊಡನೆ ಸೆಳೆತ ಮರಳುತ್ತಿತ್ತು. ಅಂದರೆ ಮಿದುಳಿನಲ್ಲಿರುವಂಥ ಬೀಗವೇ ಕರುಳಿನಲ್ಲಿಯೂ ಇದೆ. ದೊಡ್ಡ ಯಂತ್ರಗಳಿಲ್ಲದ ಪ್ರಯೋಗಶಾಲೆಯಲ್ಲಿ, ಅಂಗುಲದಷ್ಟು ಕರುಳು ಮತ್ತು ಗೀಟೆಳೆಯುವ ಲೇಖನಿ, ಇಷ್ಟರಿಂದಲೇ ಮಿದುಳಿನ ಸಂಗತಿ ತಿಳಿಯುವ ಉಪಾಯ ಅವರಿಗೆ ದೊರೆಯಿತು.

ಇದೇ ಕಾಲದಲ್ಲಿ ಅಟ್ಲಾಂಟಿಕ್ಕಿನ ಆಚೆಯಿಂದ ಬೇರೆ ಸುದ್ದಿಗಳು ಬರುತ್ತಿದ್ದವು. ನೋವೆಂಬುದು ಗಾಯದಿಂದ ಮಿದುಳಿಗೆ ಎಳೆದ ಗಂಟೆಯ ಹಗ್ಗವಲ್ಲ, ಮಿದುಳುಬಳ್ಳಿಯಲ್ಲಿ ತೆರೆದು ಮುಚ್ಚುವ ಬಾಗಿಲೊಂದಿದೆ ಎಂದು 1965ರಲ್ಲಿ ಮೆಲ್ಝ್ಯಾಕ್ ಮತ್ತು ವಾಲ್ ಎಂಬ ಇಬ್ಬರು ವಾದಿಸಿದರು. 1969ರಲ್ಲಿ ರೆನಾಲ್ಡ್ಸ್ ಎಂಬವರು ಇಲಿಯ ಮಿದುಳಿನ ಒಂದು ನಿರ್ದಿಷ್ಟ ಜಾಗಕ್ಕೆ ವಿದ್ಯುತ್ತು ಹಾಯಿಸಿ, ಬೇರೆ ಯಾವ ಅರಿವಳಿಕೆಯನ್ನೂ ಕೊಡದೆ ಅದರ ಹೊಟ್ಟೆಯ ಶಸ್ತ್ರಕ್ರಿಯೆ ಮಾಡಿದರು. ನೋವನ್ನು ತಡೆಯುವ ಸಾಧನ ಮಿದುಳಿನೊಳಗೇ ಇದೆ ಎಂಬುದಕ್ಕೆ ಇದಕ್ಕಿಂತ ಪ್ರತ್ಯಕ್ಷ ಪ್ರಮಾಣ ಬೇಕೆ? ಲಾಸ್ ಏಂಜಲೀಸಿನಲ್ಲಿ ಜಾನ್ ಲೀಬೆಸ್ಕಿಂಡರ ಶಿಷ್ಯೆ ಹುದಾ ಅಕಿಲ್ ಮತ್ತು ಅವರ ಸಂಗಡಿಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಿದ್ಯುತ್ತಿನಿಂದ ಹೀಗೆ ಹುಟ್ಟುವ ನೆಮ್ಮದಿಯನ್ನು ನಲಾಕ್ಸೋನ್ ಭಾಗಶಃ ಅಳಿಸುತ್ತದೆ ಎಂದು ಕಂಡುಕೊಂಡರು. ಮಾರ್ಫೀನನ್ನು ಅಳಿಸುವ ಮದ್ದು ಮಾರ್ಫೀನ್ ಕೊಡದ ಇಲಿಯಲ್ಲಿ ಏನನ್ನು ಅಳಿಸುತ್ತಿದೆ?

1973ರಲ್ಲಿ ಮಿದುಳಿನ ಬೀಗ ಕೈಗೆ ಸಿಕ್ಕಿತು. ಬಾಲ್ಟಿಮೋರಿನಲ್ಲಿ ಸಾಲಮನ್ ಸ್ನೈಡರ್ ಮತ್ತು ಅವರ ವಿದ್ಯಾರ್ಥಿನಿ ಕ್ಯಾಂಡೇಸ್ ಪರ್ಟ್, ನ್ಯೂಯಾರ್ಕಿನಲ್ಲಿ ಎರಿಕ್ ಸೈಮನ್, ಸ್ವೀಡನ್ನಿನ ಉಪ್ಸಾಲಾದಲ್ಲಿ ಲಾರ್ಸ್ ಟೆರೇನಿಯಸ್ ಒಂದೇ ವರ್ಷದಲ್ಲಿ, ಬೇರೆ ಬೇರೆಯಾಗಿ, ಅಫೀಮಿನ ರಿಸೆಪ್ಟರನ್ನು ತೋರಿಸಿಕೊಟ್ಟರು. ವಿಜ್ಞಾನದಲ್ಲಿ ಹೀಗಾಗುವುದುಂಟು, ಹಣ್ಣು ಮಾಗಿದಾಗ ಅನೇಕ ಕೈಗಳು ಅದನ್ನು ಮುಟ್ಟುತ್ತವೆ.

ಅದೇ 1973ರಲ್ಲಿ ಕಾಸ್ಟರ್‌ಲಿಟ್ಸ್ ಪ್ರಾಧ್ಯಾಪಕ ಹುದ್ದೆಯಿಂದ ನಿವೃತ್ತರಾದರು. ವಯಸ್ಸು ಎಪ್ಪತ್ತು. ಅವರು ಆರಾಮ ಕುರ್ಚಿಯನ್ನು ಹುಡುಕಲಿಲ್ಲ. ವ್ಯಸನಕಾರಿ ಔಷಧಗಳ ಸಂಶೋಧನೆಗೆಂದೇ ಒಂದು ಚಿಕ್ಕ ಘಟಕವನ್ನು ಅಬರ್ಡೀನಿನಲ್ಲಿ ಆರಂಭಿಸಿದರು. ಅವರ ಜೊತೆಗೆ ಮೂವತ್ತರ ಪ್ರಾಯದ ಜಾನ್ ಹ್ಯೂಸ್ ಎಂಬ ಸಹೋದ್ಯೋಗಿ ಇದ್ದರು. ಬೀಗವಿದೆ ಎಂದಮೇಲೆ ಮನೆಯ ಯಜಮಾನನ ಬೀಗದಕೈಯೂ ಇರಲೇಬೇಕು. ಗಸಗಸೆ ಗಿಡಕ್ಕಾಗಿ ದೇವರು ನಮ್ಮ ಮಿದುಳಿನಲ್ಲಿ ಬೀಗ ಕೂರಿಸಿರಲಾರ. ಇದು ಅವರಿಬ್ಬರ ನಂಬಿಕೆ.

ಹ್ಯೂಸ್ ಬೆಳಗಿನ ಜಾವಕ್ಕೇ ಎದ್ದು ಕಸಾಯಿಖಾನೆಗೆ ಹೋಗಿ ಹಂದಿಗಳ ಮಿದುಳನ್ನು ತರುತ್ತಿದ್ದರು. ಅಲ್ಲಿನ ಕೆಲಸಗಾರರನ್ನು ಒಲಿಸಿಕೊಳ್ಳಲು ವಿಸ್ಕಿಯ ಸೀಸೆ ಒಯ್ಯುತ್ತಿದ್ದರೆಂದು ಈ ಕಥೆಯನ್ನು ಬರೆದವರು ಹೇಳುತ್ತಾರೆ. ತಂದ ಮಿದುಳನ್ನು ಅರೆದು, ಅಸಿಟೋನಿನಲ್ಲಿ ಕಲಸಿ, ಸೋಸಿ, ಇಂಗಿಸಿ, ಉಳಿದ ಸಾರದ ಹನಿಯನ್ನು ಹಿರಿಯರ ಕರುಳಿನ ತಕ್ಕಡಿಯಲ್ಲಿಯೂ, ಹ್ಯೂಸ್ ತಾವೇ ಹದಗೊಳಿಸಿದ್ದ ಇಲಿಯ ವೀರ್ಯನಾಳದ ತಕ್ಕಡಿಯಲ್ಲಿಯೂ ಹಾಕಿ ನೋಡುವುದು. ಸಾರ ಬಿದ್ದೊಡನೆ ಸೆಳೆತ ಕುಗ್ಗಿತು. ನಲಾಕ್ಸೋನ್ ಹಾಕಿದರು, ಸೆಳೆತ ಮರಳಿತು. ಎಂದೂ ಅಫೀಮನ್ನು ಕಾಣದ ಹಂದಿಯ ಮಿದುಳಿನಲ್ಲಿ ಅಫೀಮಿನಂತೆ ನಡೆದುಕೊಳ್ಳುವ ವಸ್ತುವಿತ್ತು! 1974ರ ಮೇ ತಿಂಗಳಲ್ಲಿ ಬಾಸ್ಟನ್ನಿನ ಒಂದು ವಿದ್ವತ್ಸಭೆಯಲ್ಲಿ ಈ ಸುದ್ದಿ ಹೊರಬಿದ್ದಿತು.

ವಸ್ತು ಇದೆ ಎಂದರೆ ಸಾಲದು, ಅದು ಏನು ಎಂದು ಹೇಳಬೇಕು. ಅಮೆರಿಕದ ದೊಡ್ಡ ಪ್ರಯೋಗಶಾಲೆಗಳು ಆಗಲೇ ಬೆನ್ನು ಹತ್ತಿದ್ದವು. ಅಬರ್ಡೀನಿನವರು ಮೊದಲು ಗೊಂದಲಕ್ಕೆ ಬಿದ್ದರು. ಅದು ಐದೇ ಅಮೈನೊ ಆಮ್ಲಗಳ ಪುಟ್ಟ ಸರಪಳಿಯೆಂದು ತೋರುತ್ತಿದ್ದರೂ ಲೆಕ್ಕ ಕೂಡುತ್ತಿರಲಿಲ್ಲ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಹೊವರ್ಡ್ ಮಾರಿಸ್ ತಮ್ಮ ಯಂತ್ರದಲ್ಲಿ ಇಟ್ಟು ನೋಡಿ ಒಗಟನ್ನು ಬಿಡಿಸಿದರು: ಇದ್ದದ್ದು ಒಂದಲ್ಲ, ಅವಳಿ. ನಾಲ್ಕು ಕೊಂಡಿಗಳು ಎರಡರಲ್ಲಿಯೂ ಸಮ. ಕೊನೆಯ ಕೊಂಡಿ ಮಾತ್ರ ಒಂದರಲ್ಲಿ ಮೆಥಿಯೊನಿನ್, ಇನ್ನೊಂದರಲ್ಲಿ ಲ್ಯೂಸಿನ್. ಆ ದಿನಗಳಲ್ಲೇ ಮಾರಿಸ್ ಒಂದು ಉಪನ್ಯಾಸ ಕೇಳುತ್ತಿದ್ದರು. ಪಿಟ್ಯುಟರಿ ಗ್ರಂಥಿಯಲ್ಲಿ ಹತ್ತು ವರ್ಷ ಹಿಂದೆಯೇ ದೊರೆತಿದ್ದ, ಇಂಥದ್ದೇ ಕೆಲಸವೆಂದು ಗೊತ್ತಿಲ್ಲದೆ ಮೂಲೆಗೆ ಬಿದ್ದಿದ್ದ, 91 ಕೊಂಡಿಗಳ ಒಂದು ಉದ್ದನೆಯ ಸರಪಳಿಯ ಚಿತ್ರ ಪರದೆಯ ಮೇಲೆ ಬಂದಿತು. ಅದರ 61ನೆಯ ಕೊಂಡಿಯಿಂದ 65ನೆಯದರವರೆಗೆ ಅಬರ್ಡೀನಿನ ಐದಕ್ಷರಗಳೇ ಬರೆದಿದ್ದವು! ಎಲ್ಲರ ಕಣ್ಣೆದುರಿಗೆ ಹತ್ತು ವರ್ಷ ಬಿದ್ದಿದ್ದ ಲಿಪಿಯನ್ನು ಓದುವ ಕಣ್ಣು ಆಗ ಬಂದಿತು. 1975ರ ಡಿಸೆಂಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಲೇಖನ ಪ್ರಕಟವಾಯಿತು. ‘ತಲೆಯೊಳಗಿನದು’ ಎಂಬರ್ಥದ ಗ್ರೀಕ್ ಮಾತಿನಿಂದ ಆ ಅವಳಿಗೆ ಎನ್‌ಕೆಫಲಿನ್ ಎಂದು ಹೆಸರಿಟ್ಟರು. ಆ ಬಳಿಕ ದೊರೆತ ಎಂಡಾರ್ಫಿನ್ ಎಂಬ ಹೆಸರನ್ನು ತಾವೆಲ್ಲ ಕೇಳಿದ್ದೀರಿ. ಅದು ಈ ಮನೆತನದ ಹಿರಿಯಣ್ಣ.

1978ರಲ್ಲಿ ಕಾಸ್ಟರ್‌ಲಿಟ್ಸ್, ಹ್ಯೂಸ್ ಮತ್ತು ಸ್ನೈಡರ್ ಮೂವರಿಗೂ ಅಮೆರಿಕದ ಲಾಸ್ಕರ್ ಪ್ರಶಸ್ತಿ ಬಂದಿತು. ಬೀಗವನ್ನು ತನ್ನ ಕೈಯಾರೆ ಹುಡುಕಿದ ಕ್ಯಾಂಡೇಸ್ ಪರ್ಟ್ ಅವರ ಹೆಸರು ಅದರಲ್ಲಿರಲಿಲ್ಲ. ಆಕೆ ಸುಮ್ಮನಿರದೆ ಬಹಿರಂಗವಾಗಿ ಪ್ರತಿಭಟಿಸಿದರು. ನೋವಿನ ವಿಜ್ಞಾನವೂ ತನ್ನವರಿಗೆ ನೋವು ಕೊಡುವುದನ್ನು ಬಿಡಲಿಲ್ಲ.

ಇಷ್ಟಾದಮೇಲೆ ತಾವು ಕೇಳಬಹುದು: ಹಳೆಯ ಆಸೆ ಏನಾಯಿತು? ದೇಹವೇ ತಯಾರಿಸುವ ಮದ್ದಿಗೆ ಚಟ ಹೇಗೆ ಬಂದೀತು ಎಂದು 1975ರಲ್ಲಿ ಅನೇಕರು ಸಂಭ್ರಮಿಸಿದ್ದರು. ಸಂಭ್ರಮ ಒಂದು ವರ್ಷವೂ ಬಾಳಲಿಲ್ಲ. ಈ ವಸ್ತುಗಳನ್ನು ಹೊರಗಿನಿಂದ ಎಡೆಬಿಡದೆ ಕೊಟ್ಟಾಗ ಪ್ರಾಣಿಗಳಲ್ಲಿ ಮಾರ್ಫೀನಿನಂಥದ್ದೇ ಅವಲಂಬನೆ ಹುಟ್ಟುತ್ತದೆ ಎಂದು 1976ರಲ್ಲೇ ತಿಳಿಯಿತು. ದೇಹ ಎನ್‌ಕೆಫಲಿನ್ನನ್ನು ಹನಿಯಷ್ಟು, ಬೇಕಾದ ಗಳಿಗೆಗೆ, ಬೇಕಾದ ಜಾಗದಲ್ಲಿ ಸುರಿಸಿ ಕೂಡಲೇ ಅಳಿಸಿಬಿಡುತ್ತದೆ. ನಾವು ಮದ್ದನ್ನು ಕೊಡುವುದು ಇಡೀ ಮೈಗೆ, ಗಂಟೆಗಟ್ಟಲೆ. ಬೀಗ ತೆರೆದೇ ಇದ್ದರೆ ಜೀವಕೋಶ ಅದಕ್ಕೆ ಹೊಂದಿಕೊಳ್ಳುತ್ತದೆ. ನಿನ್ನೆಯ ಪ್ರಮಾಣ ಇಂದಿಗೆ ಸಾಲದು. ಮದ್ದು ನಿಂತರೆ ಮೈ ಹುಯ್ಲಿಡುತ್ತದೆ. ನೆಮ್ಮದಿಗೂ ಚಟಕ್ಕೂ ಬಾಗಿಲು ಎರಡಾದರೂ ಬೀಗ ಒಂದೇ ಎಂಬುದು ಕಾಸ್ಟರ್‌ಲಿಟ್ಸರ ಪರಿಶ್ರಮದಿಂದ ನಾವು ಕಲಿತ ಕಹಿಯಾದ ಪಾಠ.

ಹಾಗಾದರೆ ಬೇರೆ ಬೀಗವನ್ನೇ ಹುಡುಕಬಾರದೆ? ಇಲ್ಲಿ ನಿಕೋಟಿನ್ ಮತ್ತೆ ರಂಗಕ್ಕೆ ಬರುತ್ತದೆ. 1974ರಲ್ಲಿ, ಅಂದರೆ ಹ್ಯೂಸ್ ಹಂದಿಯ ಮಿದುಳು ಅರೆಯುತ್ತಿದ್ದ ಕಾಲದಲ್ಲೇ, ಅಮೆರಿಕದ ಜಾನ್ ಡೇಲಿ ಎಂಬ ರಸಾಯನಜ್ಞರು ದಕ್ಷಿಣ ಅಮೆರಿಕದ ಈಕ್ವೆಡಾರಿನಲ್ಲಿ ಬಣ್ಣಬಣ್ಣದ ಪುಟ್ಟ ಕಪ್ಪೆಗಳನ್ನು ಸಂಗ್ರಹಿಸಿದರು. ಅವುಗಳ ಚರ್ಮದ ಸಾರ ಚುಚ್ಚಿದ ಇಲಿಯ ಬಾಲ ಬೆನ್ನ ಮೇಲೆ ಬಿಲ್ಲಿನಂತೆ ಬಾಗಿತು. ಅದು ಮಾರ್ಫೀನ್ ಜಾತಿಯ ಮದ್ದಿನ ಗುರುತು. ಆದರೆ ನಲಾಕ್ಸೋನ್ ಅದನ್ನು ತಡೆಯಲಿಲ್ಲ! ದೊರೆತ ವಸ್ತು ಅತ್ಯಲ್ಪ. ಮುಂದೆ ಕಪ್ಪೆಗಳಿಗೆ ಕಾನೂನಿನ ರಕ್ಷಣೆ ಬಂದಿತು. ಸಾಕಿದ ಕಪ್ಪೆಗಳ ಮೈಯಲ್ಲಿ ವಿಷವೇ ಹುಟ್ಟಲಿಲ್ಲ. ಡೇಲಿ ಆ ಸಾರವನ್ನು ಜೋಪಾನವಾಗಿಟ್ಟು, ಅದನ್ನು ಓದಬಲ್ಲ ಯಂತ್ರಗಳು ಹುಟ್ಟುವವರೆಗೆ ಕಾದರು. 1992ರಲ್ಲಿ ರಚನೆ ತಿಳಿಯಿತು. ಎಪಿಬ್ಯಾಟಿಡಿನ್ ಎಂದು ಹೆಸರಾಯಿತು. ಮಾರ್ಫೀನಿಗಿಂತ ಸುಮಾರು 200 ಪಟ್ಟು ಬಲವಾದ ಈ ವಸ್ತು ರೂಪದಲ್ಲಿ ಹೊಗೆಸೊಪ್ಪಿನ ಸಾರದ ಸೋದರ. ಅದು ತಿರುಗಿಸುವುದು ಲ್ಯಾಂಗ್ಲಿ ಕಂಡ ನಿಕೋಟಿನ್ನಿನ ಬೀಗವನ್ನು. ಆದರೆ ನೋವು ಅಡಗಿಸುವ ಪ್ರಮಾಣಕ್ಕೂ ಪ್ರಾಣ ತೆಗೆಯುವ ಪ್ರಮಾಣಕ್ಕೂ ನಡುವೆ ಅಂತರ ತೀರ ಕಡಿಮೆ. ಅದನ್ನು ಮಾದರಿಯಾಗಿಟ್ಟುಕೊಂಡು ತಯಾರಿಸಿದ ಮದ್ದೊಂದು ಮನುಷ್ಯರ ಮೇಲಿನ ಪರೀಕ್ಷೆಯವರೆಗೆ ಹೋಗಿ, ಅಡ್ಡಪರಿಣಾಮಗಳಿಂದಾಗಿ ಬಿದ್ದುಹೋಯಿತು. ನೋವಿನ ಸುದ್ದಿಯನ್ನು ನರದ ಬುಡದಲ್ಲೇ ತಡೆಯುವ, ಅಫೀಮಿನ ಬೀಗವನ್ನು ಮುಟ್ಟದ ಮದ್ದೊಂದಕ್ಕೆ ಅಮೆರಿಕದಲ್ಲಿ ಅನುಮತಿ ದೊರೆತದ್ದು 2025ರ ಜನವರಿಯಲ್ಲಿ. ಅದು ಎಲ್ಲಿಯವರೆಗೆ ಬಾಳುತ್ತದೆಯೋ ಕಾಲವೇ ಹೇಳಬೇಕು.

ಬೀಗ ಒಂದೇ ಎಂಬ ಪಾಠವನ್ನು ಮರೆತರೆ ಏನಾಗುತ್ತದೆ ಎಂಬುದನ್ನು ಜಗತ್ತು ಎರಡು ರೀತಿಯಲ್ಲಿ ಕಂಡಿದೆ. ಅಮೆರಿಕದಲ್ಲಿ 1996ರಿಂದ ಆಕ್ಸಿಕಾಂಟಿನ್ ಎಂಬ ಮಾತ್ರೆಯನ್ನು, ಇದರಲ್ಲಿ ಚಟದ ಭಯ ಕಡಿಮೆ ಎಂಬ ಪ್ರಚಾರದೊಡನೆ, ಬೆನ್ನುನೋವಿನವರಿಗೂ ಧಾರಾಳವಾಗಿ ಕೊಟ್ಟರು. ತಯಾರಿಸಿದ ಪರ್ಡ್ಯೂ ಕಂಪನಿ ಆ ಪ್ರಚಾರಕ್ಕಾಗಿ 2007ರಲ್ಲಿ ನ್ಯಾಯಾಲಯದ ಮುಂದೆ ತಪ್ಪೊಪ್ಪಿಕೊಂಡಿತು. ಅಷ್ಟರಲ್ಲಿ ಊರೂರು ಚಟಕ್ಕೆ ಬಿದ್ದಿದ್ದವು; ಮಾತ್ರೆಯಿಂದ ಹೆರಾಯಿನ್ನಿಗೆ, ಅಲ್ಲಿಂದ ಫೆಂಟನಿಲ್‌ಗೆ ಜನ ಜಾರಿದರು. 2021ರ ಒಂದೇ ವರ್ಷದಲ್ಲಿ ಈ ಜಾತಿಯ ಮದ್ದುಗಳು ಮಿತಿಮೀರಿ ಆ ದೇಶದಲ್ಲಿ ಸತ್ತವರು 80,000ಕ್ಕೂ ಹೆಚ್ಚು.

ಭಾರತದಲ್ಲಿ ಆದದ್ದು ಇದರ ವಿರುದ್ಧ. ಔಷಧಕ್ಕೆಂದು ಅಫೀಮನ್ನು ಕಾನೂನುಬದ್ಧವಾಗಿ ಬೆಳೆದು ಹೊರದೇಶಗಳಿಗೆ ಕಳಿಸುವ ದೇಶ ನಮ್ಮದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಪರವಾನಗಿ ಪಡೆದ ರೈತರು ಅದನ್ನು ಬೆಳೆಯುತ್ತಾರೆ. 1985ರಲ್ಲಿ ಮಾದಕವಸ್ತುಗಳ ಕಾನೂನು ಬಂದಿತು. ಕಳ್ಳಸಾಗಣೆಯನ್ನು ಹತ್ತಿಕ್ಕುವುದು ಅದರ ಉದ್ದೇಶ. ಆದರೆ ಮಾರ್ಫೀನ್ ಇಡಬೇಕಾದರೆ ಆಸ್ಪತ್ರೆಗೆ ಹಲವು ಇಲಾಖೆಗಳ ಪರವಾನಗಿ ಬೇಕಾಯಿತು. ಲೆಕ್ಕದಲ್ಲಿ ಒಂದು ತಪ್ಪಾದರೆ ಜೈಲಿನ ಭಯ. ಔಷಧದ ಅಂಗಡಿಗಳು ಅದನ್ನು ಇಡುವುದನ್ನೇ ಬಿಟ್ಟವು. ವೈದ್ಯಕೀಯ ಮಾರ್ಫೀನಿನ ಬಳಕೆ 1985ರಿಂದ 1997ರೊಳಗೆ ಶೇಕಡ 97ರಷ್ಟು ಕುಸಿಯಿತು. ಇಡೀ ದೇಶ 1997ರಲ್ಲಿ ಬಳಸಿದ್ದು 18 ಕಿಲೋ.

ಆ ಹನ್ನೆರಡು ವರ್ಷಗಳೊಳಗೇ ನನ್ನ ಸೋದರತ್ತೆ ಬಾಯಿಯ ಕ್ಯಾನ್ಸರಿನಿಂದ ತೀರಿಕೊಂಡರು. ಹದಿನಾರನೆಯ ವಯಸ್ಸಿನಿಂದ ಎಲೆ ಅಡಿಕೆಯೊಡನೆ ಹೊಗೆಸೊಪ್ಪು ಹಾಕಿಕೊಳ್ಳುತ್ತಿದ್ದವರು. ಕೊನೆಯ ದಿನಗಳಲ್ಲಿ ಆಕೆಗೆ ಗುಟುಕು ನೀರೂ ಇಳಿಯುತ್ತಿರಲಿಲ್ಲ. ದಿಂಬಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮಲಗುತ್ತಿದ್ದರು. ಮಾರ್ಫೀನ್ ಕೊಡಲಾಗದೆ ಎಂದು ನಾನು ಕೇಳಿದಾಗ, ವೈದ್ಯರು ಕಾಗದಪತ್ರದ ತೊಡಕನ್ನು ಹೇಳಿ, ‘ಅಲ್ಲದೆ ಅದು ಚಟ ಹಿಡಿಸುತ್ತದೆ’ ಎಂದರು. ಆಕೆ ಬದುಕಿದ್ದು ಆಮೇಲೆ ಮೂರು ವಾರ. ಒಬ್ಬ ವೈದ್ಯರನ್ನು ದೂರಲೆಂದು ನಾನು ಇದನ್ನು ಹೇಳುತ್ತಿಲ್ಲ. ಅವರು ಕಲಿತದ್ದೇ ಹಾಗೆ. ಒಂದು ಗಿಡ ಅತ್ತೆಯನ್ನು ಐವತ್ತು ವರ್ಷ ಕಟ್ಟಿಹಾಕಿತ್ತು. ಅಂಗಡಿಯಲ್ಲಿ ಬೇಕಾದಷ್ಟು ಸಿಗುತ್ತಿತ್ತು. ಕೊನೆಯ ಮೂರು ವಾರ ಬಿಡಿಸಬಹುದಾಗಿದ್ದ ಇನ್ನೊಂದು ಗಿಡಕ್ಕೆ ಸರ್ಕಾರದ ಬೀಗ ಬಿದ್ದಿತ್ತು.

ಅನಂತರ ಗಾಳಿ ಸ್ವಲ್ಪ ತಿರುಗಿದೆ. ಕೇರಳದ ಕೋಳಿಕ್ಕೋಡಿನಲ್ಲಿ ಡಾಕ್ಟರ್ ಎಂ.ಆರ್. ರಾಜಗೋಪಾಲ್ ಮತ್ತು ಅವರ ಜೊತೆಗಾರರು 1993ರಲ್ಲಿ ನೋವು ಶಮನದ ಸಂಸ್ಥೆಯೊಂದನ್ನು ಕಟ್ಟಿ, ಬಾಯಿಯ ಮೂಲಕ ಕೊಡುವ ಮಾರ್ಫೀನನ್ನು ಶಿಸ್ತಿನಿಂದ ಬಳಸಿದರೆ ಕಳ್ಳಸಾಗಣೆಯೂ ಆಗದು, ರೋಗಿಯ ಮಾನವೂ ಉಳಿಯುವುದು ಎಂದು ತೋರಿಸಿದರು. ಬೆಂಗಳೂರಿನಲ್ಲಿ 1999ರಲ್ಲಿ ಬಾಗಿಲು ತೆರೆದ ಕರುಣಾಶ್ರಯ, ವಾಸಿಯಾಗದ ಕ್ಯಾನ್ಸರ್ ರೋಗಿಗಳನ್ನು ಹಣ ಕೇಳದೆ ನೋಡಿಕೊಳ್ಳುತ್ತ ಬಂದಿದೆ. 2014ರಲ್ಲಿ ಸಂಸತ್ತು 1985ರ ಕಾನೂನನ್ನು ತಿದ್ದಿ, ಮಾರ್ಫೀನಿನಂಥ ಅವಶ್ಯಕ ಔಷಧಗಳಿಗೆ ದೇಶಕ್ಕೆಲ್ಲ ಒಂದೇ ಸರಳ ನಿಯಮವನ್ನು ಮಾಡಿತು. ಕಾನೂನು ತಿದ್ದಿದಷ್ಟು ಬೇಗ ಮನಸ್ಸಿನ ಭಯ ತಿದ್ದುವುದಿಲ್ಲ; ಚಿಕ್ಕ ಊರುಗಳ ಆಸ್ಪತ್ರೆಗಳಲ್ಲಿ ನೋವನ್ನು ಹಲ್ಲುಕಚ್ಚಿ ಸಹಿಸಿಕೊಳ್ಳುವುದೇ ರೋಗಿಯ ಧರ್ಮವೆಂಬ ಭಾವನೆ ಇಂದಿಗೂ ಬಲವಾಗಿದೆ.

ಹಾನ್ಸ್ ಕಾಸ್ಟರ್‌ಲಿಟ್ಸ್ 1996ರಲ್ಲಿ, ತಮ್ಮ ತೊಂಬತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡರು. ಚಟವಿಲ್ಲದ ಮಾರ್ಫೀನ್ ಅವರಿಗೆ ಸಿಗಲಿಲ್ಲ. ಆ ದೃಷ್ಟಿಯಿಂದ ನೋಡಿದರೆ ಅವರ ಬದುಕು ಸೋಲು ಎನ್ನಬೇಕಾದೀತು. ನನಗೆ ಹಾಗೆನಿಸುವುದಿಲ್ಲ. ನೋವಿನಿಂದ ಬಿಡುಗಡೆ ಎಂಬುದು ಯಾವುದೋ ಗಿಡದ ಮಾಯೆಯಲ್ಲ, ದುರ್ಬಲ ಮನಸ್ಸಿನ ಬಯಕೆಯೂ ಅಲ್ಲ. ಬದುಕಿರುವ ಪ್ರತಿಯೊಂದು ಮಿದುಳೂ ತನಗಾಗಿ ತಾನೇ ತಯಾರಿಸಿಕೊಳ್ಳುವ ವಸ್ತು ಎಂದು ಅವರು ತೋರಿಸಿಕೊಟ್ಟರು. ನರಳುವವನು ನೆಮ್ಮದಿಯನ್ನು ಬೇಡಿದರೆ ಅವನು ತನ್ನದಲ್ಲದ್ದನ್ನು ಬೇಡುತ್ತಿಲ್ಲ. ಅವನ ಮೈ ಹನಿಹನಿಯಾಗಿ ಕೊಡಲು ಹೆಣಗಿ ಸೋತಿರುವುದನ್ನು ಕೊಂಚ ಕೂಡಿಸಿ ಕೊಡಿ ಎನ್ನುತ್ತಿದ್ದಾನೆ, ಅಷ್ಟೆ. ಎಷ್ಟು ಕೊಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ವಿವೇಕವನ್ನು ಯಾವ ಪ್ರಯೋಗಶಾಲೆಯೂ ಮಾತ್ರೆಯೊಳಗೆ ಇಟ್ಟು ಕೊಡಲಾರದು. ಅದು ಹಾಸಿಗೆಯ ಪಕ್ಕದಲ್ಲಿ ನಿಂತವರ ಹೊಣೆ.